ನರವೂ ಸ್ನಾಯುವೂ ಕೂಡುವಲ್ಲಿ

ಅರಸೀಕೆರೆಯ ಸೀಮೆಯಲ್ಲಿ ತೆಂಗು ಬೆಳೆದವರಿಗೆ ಮಾನೊಕ್ರೊಟೊಫಾಸ್ ಎಂಬ ಹೆಸರು ಹೊಸದಲ್ಲ. ಗರಿ ತಿನ್ನುವ ಕಪ್ಪುತಲೆ ಹುಳುವಿಗೂ ಕಾಯಿ ಕೆಡಿಸುವ ನುಸಿಗೂ ಮದ್ದೆಂದು, ಎಳೆಯ ಬೇರೊಂದನ್ನು ಓರೆಯಾಗಿ ಕೊಯ್ದು, ಈ ದ್ರಾವಣ ತುಂಬಿದ ಪುಟ್ಟ ಚೀಲವನ್ನು ಅದಕ್ಕೆ ಕಟ್ಟುವ ಕ್ರಮವಿತ್ತು. ಮರ ಅದನ್ನು ಹೀರಿಕೊಳ್ಳುವುದು. ಮುಂದೆ 45 ದಿನ ಕಾಯಿ ಕೀಳಬಾರದು. ಹುಳುವನ್ನು ಕೊಲ್ಲುವ ಈ ವಸ್ತು ಮನುಷ್ಯನ ಮೈಯಲ್ಲಿ ಮಾಡುವುದೇನು? ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಹಳ್ಳಿಯಲ್ಲಿ ಬಂಧುಗಳುಳ್ಳ ಯಾರಿಗೂ ಇದು ಪರರ ವಿಷಯವಲ್ಲ.

ಮೊದಲು ಮಾತಿನ ತೊಡಕೊಂದನ್ನು ಬಿಡಿಸಬೇಕು. ಆಡುಮಾತಿನಲ್ಲಿ ರಕ್ತನಾಳವೂ ನರ, ಮಿದುಳಿನ ಸುದ್ದಿ ಒಯ್ಯುವ ತಂತುವೂ ನರವೇ. ಸ್ನಾಯುವೆಂದರೆ ಹಿಂದಿಯವರಿಗೆ ನರ, ನಮಗೆ ಮಾಂಸಖಂಡ. ಸಂಸ್ಕೃತದಿಂದ ಪಡೆದ ಪದಗಳೂ ಹೀಗೆ ಊರಿಗೊಂದು ವೇಷ ತೊಡುವುದುಂಟು! ಇಲ್ಲಿ ನರವೆಂದರೆ ಸುದ್ದಿ ಒಯ್ಯುವುದು, ಸ್ನಾಯುವೆಂದರೆ ಬಿಗಿದು ಅಂಗವನ್ನು ಆಡಿಸುವುದು.

ಇವೆರಡೂ ಒಂದನ್ನೊಂದು ಮುಟ್ಟುವುದಿಲ್ಲವೆಂಬುದೇ ಸೋಜಿಗ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಬಿರುಕು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊಮ್ಮಿ, ಬಿರುಕನ್ನು ದಾಟಿ ತಾಕಿದಾಗ ಸ್ನಾಯು ಬಿಗಿಯುತ್ತದೆ. ಒಡನೆಯೇ ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆದುಹಾಕುತ್ತದೆ. ಸ್ನಾಯು ಸಡಿಲಿ ಮುಂದಿನ ಕರೆಗೆ ಅಣಿಯಾಗುತ್ತದೆ. ಬೇಲೂರು, ಹಳೇಬೀಡಿನ ನರ್ತಕಿಯರು ಶಿಲೆಯಾದುದರಿಂದ ಸುಮಾರು ಒಂಬೈನೂರು ವರ್ಷ ಒಂದೇ ಭಂಗಿಯಲ್ಲಿ ನಿಂತಿದ್ದಾರೆ. ಜೀವವುಳ್ಳ ನರ್ತಕಿಗೆ ಬಿಗಿಯುವುದೆಷ್ಟು ಮುಖ್ಯವೋ ಸಡಿಲುವುದೂ ಅಷ್ಟೇ ಮುಖ್ಯ.

ಮಾನೊಕ್ರೊಟೊಫಾಸ್‌ನಂಥ ರಂಜಕಯುಕ್ತ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಒಡೆಯುವವರಿಲ್ಲದೆ ಅಸಿಟೈಲ್‌ಕೋಲಿನ್ ತುಂಬಿಕೊಳ್ಳುತ್ತದೆ. ಸ್ನಾಯುಗಳು ಮೊದಲು ಚರ್ಮದಡಿಯಲ್ಲಿ ಮಿಡುಕುತ್ತವೆ, ಬಳಿಕ ಸೋತು ನಿಶ್ಚೇಷ್ಟವಾಗುತ್ತವೆ. ಕಣ್ಣಿನ ಪಾಪೆ ಕುಗ್ಗುವುದು, ಜೊಲ್ಲು ಸುರಿಯುವುದು, ಎದೆಯಲ್ಲಿ ಕಫ ಕಟ್ಟುವುದು, ಇವೂ ಅದೇ ರಾಸಾಯನಿಕದ ಅತಿರೇಕಗಳು. ವಿಷವನ್ನು ನುಂಗಲೇಬೇಕೆಂದಿಲ್ಲ, ನೆನೆದ ಅಂಗಿಯ ಮೂಲಕ ಚರ್ಮವೂ ಅದನ್ನು ಹೀರುತ್ತದೆ.

ಚಾಮರಾಜನಗರ ಜಿಲ್ಲೆಯ ಸುಳವಾಡಿಯಲ್ಲಿ 2018ರ ಡಿಸೆಂಬರ್ 14ರಂದು ದೇವಾಲಯದ ಪ್ರಸಾದದಲ್ಲಿ ಬೆರೆತಿದ್ದುದು ಇದೇ ವಿಷ. 17 ಮಂದಿ ತೀರಿಕೊಂಡರು. ನೂರಕ್ಕೂ ಮಿಕ್ಕಿ ಜನ ಅಸ್ವಸ್ಥರಾದರು. ತರಕಾರಿಗೆ ಇದರ ಬಳಕೆಯನ್ನು 2005ರಲ್ಲೇ ನಿಷೇಧಿಸಲಾಗಿತ್ತು. 36 ಪ್ರತಿಶತದ ದ್ರಾವಣವನ್ನು ನಿಲ್ಲಿಸುವ ಕೇಂದ್ರದ ಆದೇಶ ಬಂದದ್ದು 2023ರಲ್ಲಿ. ಅದೇ ಕುಲದ ಪ್ರೊಫೆನೊಫಾಸ್ ಮೊದಲಾದವು ಇನ್ನೂ ಬಳಕೆಯಲ್ಲಿವೆ.

ಕೇಳುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆಸ್ಪತ್ರೆಯಲ್ಲಿ ಅಟ್ರೊಪಿನ್ ಚುಚ್ಚಿದ ಮೇಲೆ ಜೊಲ್ಲು ನಿಲ್ಲುತ್ತದೆ, ಕಫ ಒಣಗುತ್ತದೆ, ರೋಗಿ ಮಾತನಾಡುತ್ತಾನೆ. ಗಂಡಾಂತರ ಕಳೆಯಿತೆಂದು ಮನೆಯವರು ಹೊರಡಲು ಅವಸರಪಡುತ್ತಾರೆ. ಆದರೆ ನರವೂ ಸ್ನಾಯುವೂ ಕೂಡುವ ತಾಣದಲ್ಲಿ ಅಟ್ರೊಪಿನ್ನಿನ ಆಟ ನಡೆಯದು. ವಿಷ ಸೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ, ತೋಳು, ತೊಡೆ, ಕಡೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಶ್ರೀಲಂಕಾದ ವೈದ್ಯರಾದ ಸೇನಾನಾಯಕ ಮತ್ತು ಕರಲಿಯದ್ದ 1987ರಲ್ಲಿ ಇದನ್ನು ವಿವರಿಸಿ, ಮೊದಲ ಉತ್ಪಾತಕ್ಕೂ ಬಹುಕಾಲದ ಮೇಲೆ ಬರುವ ನರಹಾನಿಗೂ ನಡುವಣ ಹಂತವೆಂದು ಗುರುತಿಸಿದರು. ಮೊದಲ ಸೂಚನೆಯನ್ನು ಯಾರಾದರೂ ಕಾಣಬಹುದು: ಮಲಗಿದವನಿಗೆ ದಿಂಬಿನಿಂದ ತಲೆಯೆತ್ತಲಾಗುವುದಿಲ್ಲ. ಆ ಗಳಿಗೆಯಲ್ಲಿ ಅವನು ಆಸ್ಪತ್ರೆಯಲ್ಲೇ ಇದ್ದು, ಉಸಿರಾಟದ ಯಂತ್ರ ಒದಗಿದರೆ, ಸ್ನಾಯುಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದುಂಟು.