ಹುಬ್ಬು ಗಂಟಿಕ್ಕುವ ಮಾತು

ಬಹಳ ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದ ನಿಯಮಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅತಿಥಿಗಳು ರಾತ್ರಿ ತಂಗುವುದು ‘ಈಸ್ ಫ್ರೌನ್ಡ್ ಅಪಾನ್’ ಎಂದು ಮೂಲದಲ್ಲಿತ್ತು. ನಾನು ಹಿಂದುಮುಂದು ನೋಡದೆ ‘ನಿಷೇಧಿಸಲಾಗಿದೆ’ ಎಂದು ಬರೆದುಬಿಟ್ಟೆ. ಆ ವರ್ಷವೇ, ಮಗನನ್ನು ಕಾಣಲೆಂದು ದೂರದ ಹಳ್ಳಿಯಿಂದ ಬಂದ ವೃದ್ಧರೊಬ್ಬರಿಗೆ ಕಾವಲುಗಾರನು ಆ ಸಾಲನ್ನೇ ತೋರಿಸಿದನಂತೆ. ಮಾಗಿಯ ಚಳಿಯಲ್ಲಿ ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ರಾತ್ರಿ ಕಳೆದರು. ಇಂಗ್ಲಿಷಿನ ಸಾಲಿನಲ್ಲಿ ಅವರಿಗೆ ಎಡೆಯಿತ್ತು. ನನ್ನ ಕನ್ನಡದಲ್ಲಿ ಇರಲಿಲ್ಲ.

‘ಫ್ರೌನ್’ ಎಂಬುದು ಹಳೆಯ ಫ್ರೆಂಚಿನಿಂದ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ. ಹುಬ್ಬು ಗಂಟಿಕ್ಕುವುದೆಂದು ಅದರ ಅರ್ಥ. ಸಂಸ್ಕೃತದ ಭ್ರುಕುಟಿಯೂ ಇದೇ. ‘ಫ್ರೌನ್ ಅಟ್’ ಎಂದರೆ ಎದುರಿಗಿರುವವರತ್ತ ಹುಬ್ಬು ಗಂಟಿಕ್ಕುವುದು. ತಡವಾಗಿ ಬಂದ ಹುಡುಗನತ್ತ ಉಪಾಧ್ಯಾಯರು ಹಾಗೆ ನೋಡುತ್ತಾರೆ. ‘ಫ್ರೌನ್ ಆನ್’ ಅಥವಾ ‘ಫ್ರೌನ್ ಅಪಾನ್’ ಎಂಬಲ್ಲಿ ಹುಬ್ಬಿನ ಹಂಗೇ ಇಲ್ಲ. ಒಂದು ನಡತೆಯನ್ನು ಸಮಾಜವೋ ಸಂಸ್ಥೆಯೋ ಮೆಚ್ಚದಿರುವುದಷ್ಟೇ ಅದರ ತಾತ್ಪರ್ಯ. ‘ಆನ್’, ‘ಅಪಾನ್’ ಎರಡರ ಅರ್ಥವೂ ಒಂದೇ. ಎರಡನೆಯದು ತುಸು ಗಂಭೀರ.

ನಮ್ಮ ವಿದ್ಯಾರ್ಥಿಗಳು ಇನ್ನೊಂದೆಡೆ ಎಡವುತ್ತಾರೆ. ತಡವಾಗಿ ಬರುವುದು ‘ಈಸ್ ಫ್ರೌನ್ಡ್’ ಎಂದಷ್ಟೇ ಬರೆದು ‘ಅಪಾನ್’ ಅನ್ನು ಕೈಬಿಡುತ್ತಾರೆ. ಇದಕ್ಕೆ ಕಾರಣವುಂಟು. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ನಾಮಪದಕ್ಕೆ ಅಂಟಿಕೊಂಡಿರುತ್ತದೆ. ಆ ಪದವು ಕರ್ತೃಸ್ಥಾನಕ್ಕೆ ಬಂದೊಡನೆ ಪ್ರತ್ಯಯ ಕಳಚಿಹೋಗುತ್ತದೆ. ಇಂಗ್ಲಿಷಿನಲ್ಲಾದರೋ ‘ಅಪಾನ್’ ಕ್ರಿಯಾಪದದ ಸಂಗಾತಿ. ಕರ್ಮಣಿ ಪ್ರಯೋಗದಲ್ಲಿಯೂ ಅದು ಜೊತೆ ಬಿಡುವುದಿಲ್ಲ.

ಆದರೆ ವ್ಯಾಕರಣದ ತಪ್ಪನ್ನು ಕೆಂಪು ಶಾಯಿಯಿಂದ ತಿದ್ದಬಹುದು. ಅರ್ಥದ ತಪ್ಪಿಗೆ ಮತ್ತೊಬ್ಬರು ದಂಡ ತೆರಬೇಕಾಗುತ್ತದೆ. ಮೆಚ್ಚದಿರುವುದು ಬೇರೆ, ತಡೆಯುವುದು ಬೇರೆ. ಹುಬ್ಬು ಗಂಟಿಕ್ಕಿದವನು ಮುಖ ನೋಡಿ ಬಾಗಿಲು ತೆರೆದಾನು; ನಿಷೇಧವು ಮುಖ ನೋಡುವುದಿಲ್ಲ. ಈ ಅಂತರವನ್ನು ಕಾಣಿಸುವ ಮಾತುಗಳು ನಮ್ಮಲ್ಲಿಯೂ ಉಂಟು: ‘ಮೆಚ್ಚತಕ್ಕದ್ದಲ್ಲ’, ‘ಉಚಿತವಲ್ಲ’, ‘ಕೂಡದು’. ಮೆಟ್ಟಿಲು ಮೆಟ್ಟಿಲಾಗಿ ಬಿಗಿಯುವ ಇವುಗಳಲ್ಲಿ ಮೊದಲನೆಯದೇ ನನಗೆ ಬೇಕಾಗಿದ್ದದ್ದು. ನಾನು ಕೊನೆಯದಕ್ಕೆ ಹಾರಿದ್ದೆ.

ಮುಂದಿನ ಮುದ್ರಣದಲ್ಲಿ ಆ ಸಾಲನ್ನು ತಿದ್ದಿದೆ. ಆ ವೃದ್ಧರು ಮತ್ತೆ ಬಂದರೇ ಎಂದು ಮಾತ್ರ ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಬರಲಿಲ್ಲ.