ಗೆರೆಗೆ ಜಾಗ ಕೊಟ್ಟ ‘ಕೊರವಂಜಿ’

ಚಾಮರಾಜನಗರವೂ ಗುಂಡ್ಲುಪೇಟೆಯೂ 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಹಾಗಾಗಿ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನಮ್ಮ ಜಿಲ್ಲೆಯವರೇ ಎಂದು ನಾವು ಅಭಿಮಾನಪಡಬಹುದು. ಅವರ ‘ಕಾಮನ್ ಮ್ಯಾನ್’ನನ್ನು ದೇಶವೇ ಬಲ್ಲದು. ಆದರೆ ಲಕ್ಷ್ಮಣರ ಗೆರೆಗೆ ಮೊದಮೊದಲು ಪುಟ ಬಿಟ್ಟುಕೊಟ್ಟ ಪತ್ರಿಕೆಗಳಲ್ಲಿ ಕನ್ನಡದ್ದೂ ಒಂದಿತ್ತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಅದು ‘ಕೊರವಂಜಿ’. ಬೆಂಗಳೂರಿನ ಮೆಜೆಸ್ಟಿಕ್ ಬಳಿ ವೈದ್ಯರಾಗಿದ್ದ, ‘ರಾಶಿ’ ಎಂದೇ ಓದುಗರಿಗೆ ಪರಿಚಿತರಾದ ಡಾ. ಎಂ. ಶಿವರಾಂ 1942ರಲ್ಲಿ ಈ ಹಾಸ್ಯ ಮಾಸಿಕವನ್ನು ಹೊರಡಿಸಿದರು. ಯುದ್ಧದ ಕಾಲ, ಕಾಗದಕ್ಕೂ ಬರ. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಲಕ್ಷ್ಮಣರ ಅರ್ಜಿಯನ್ನು ತಳ್ಳಿಹಾಕಿತ್ತು. ಮಹಾರಾಜ ಕಾಲೇಜಿನ ಆ ವಿದ್ಯಾರ್ಥಿಯ ಚಿತ್ರಗಳನ್ನು ರಾಶಿ ಅಚ್ಚು ಹಾಕಿದರು, ಬೆನ್ನು ತಟ್ಟಿದರು.

ಚಿತ್ರ ಅಚ್ಚು ಹಾಕುವುದು ಆಗ ಸುಲಭದ ಮಾತಾಗಿರಲಿಲ್ಲ. ಕಲಾವಿದ ಕಪ್ಪು ಮಸಿಯಲ್ಲಿ ಬರೆದುಕೊಟ್ಟದ್ದನ್ನು ಫೋಟೊ ತೆಗೆದು, ಸತುವಿನ ತಗಡಿನ ಮೇಲೆ ಮೂಡಿಸಿ, ಆಮ್ಲದಲ್ಲಿ ಕೊರೆದು, ಮರದ ಕಟ್ಟಿಗೆ ಬಡಿದು, ಸೀಸದ ಮೊಳೆಗಳ ನಡುವೆ ಕೂರಿಸಬೇಕಿತ್ತು. ಇದೇ ಲೈನ್ ಬ್ಲಾಕ್. ಬೂದು ಛಾಯೆ ಬೇಕೆಂದರೆ ಹಾಫ್‌ಟೋನ್ ಬ್ಲಾಕ್ ಮಾಡಿಸಬೇಕು. ಅದಕ್ಕೆ ಖರ್ಚು ಹೆಚ್ಚು, ಒರಟು ಕಾಗದದ ಮೇಲೆ ಅದು ಕಲಸಿಹೋಗುತ್ತಿತ್ತು ಬೇರೆ. ಆದ್ದರಿಂದ ವ್ಯಂಗ್ಯಚಿತ್ರಕಾರ ಹೇಳುವುದನ್ನೆಲ್ಲ ಬರಿಯ ಗೆರೆಯಲ್ಲೇ ಹೇಳಬೇಕು. ಮೂಗಿನ ಒಂದು ಬಾಗು, ಪಂಚೆಯ ಒಂದು ಮಡಿಕೆ, ಅಷ್ಟರಲ್ಲೇ ಆಸಾಮಿ ಯಾರೆಂದು ಗೊತ್ತಾಗಬೇಕು. ಕನ್ನಡ ವ್ಯಂಗ್ಯಚಿತ್ರದ ಗೆರೆಗೆ ಬಿಗಿ ಬಂದದ್ದರಲ್ಲಿ ಅಚ್ಚುಕೂಟದ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ಆ ಬ್ಲಾಕಿನ ಖರ್ಚು ಹೊತ್ತು, ಹೆಸರಿಲ್ಲದ ಹುಡುಗನ ಗೆರೆಯನ್ನು ಓದುಗರ ಮುಂದಿಟ್ಟ ಸಂಪಾದಕರನ್ನೂ ನಾವು ಕಲಾವಿದರೊಡನೆಯೇ ನೆನೆಯಬೇಕು.

ನಾ. ಕಸ್ತೂರಿ, ಟಿ. ಸುನಂದಮ್ಮ ಅವರ ಬರಹಗಳ ಜೊತೆಜೊತೆಗೇ ಚಿತ್ರಗಳೂ ಕೊರವಂಜಿಯಲ್ಲಿ ಬೆಳೆದವು. ಲಕ್ಷ್ಮಣ್ ಮುಂಬಯಿಗೆ ಹೋಗಿ ‘ಫ್ರೀ ಪ್ರೆಸ್ ಜರ್ನಲ್’, ಬಳಿಕ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. ಕೊರವಂಜಿ 25 ವರ್ಷ ನಡೆದು 1967ರಲ್ಲಿ ನಿಂತಿತು. 1983ರಲ್ಲಿ ‘ಅಪರಂಜಿ’ ಅದರ ಜಾಡು ಹಿಡಿಯಿತು. ಅಷ್ಟರಲ್ಲಿ ವ್ಯಂಗ್ಯಚಿತ್ರಕ್ಕೆ ದಿನಪತ್ರಿಕೆಗಳೂ ಮನೆಯಾಗಿದ್ದವು. ‘ಡೆಕ್ಕನ್ ಹೆರಾಲ್ಡ್’ನಲ್ಲಿ ಬಿ.ವಿ. ರಾಮಮೂರ್ತಿ, ಮುಂದೆ ‘ಪ್ರಜಾವಾಣಿ’ಯಲ್ಲಿ ಪಿ. ಮಹಮ್ಮದ್ ಅವರ ಗೆರೆಗಾಗಿ ಓದುಗರು ಪತ್ರಿಕೆ ಬಿಡಿಸುತ್ತಿದ್ದರು.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋದವರು ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಬಿಡುವು ಮಾಡಿಕೊಂಡು ಹೋಗಬೇಕು, ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟರ ಮುಖ ಬರೆಯುವ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು.