ಪರನಾಡಿನಲ್ಲಿ ಕ್ಷೇತ್ರಕಾರ್ಯದ ಮೊದಲ ದಿನಗಳು

ಪರನಾಡಿನ ಜನಜೀವನವನ್ನು ಅರಿಯಹೊರಟ ಸಂಶೋಧಕನಿಗೆ ಅಲ್ಲಿಯ ಮೊದಲ ದಿನಗಳೇ ನಿಜವಾದ ಪರೀಕ್ಷೆ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್ಸ್ಕಿಯವರ ಅನುಭವ ಇದಕ್ಕೆ ನಿದರ್ಶನವಾಗಿದೆ.

1914ರಲ್ಲಿ ಅವರು ನ್ಯೂಗಿನಿಯ ದಕ್ಷಿಣ ಕರಾವಳಿಗೆ ಬಂದಾಗ ಜನರೊಡನೆ ವ್ಯವಹರಿಸಲು ಅವರಿಗೆ ಒದಗಿದುದು ಹರಕುಮುರುಕು ಇಂಗ್ಲಿಷ್ ಮಾತ್ರ. ಜನಗಣತಿ ಮಾಡಿದರು, ವಂಶಾವಳಿಗಳನ್ನು ಬರೆದುಕೊಂಡರು, ಊರಿನ ನಕ್ಷೆ ತೆಗೆದರು, ಬಂಧುವಾಚಕ ಪದಗಳನ್ನು ಕಲೆಹಾಕಿದರು. ಆದರೆ ಅವೆಲ್ಲ ನಿರ್ಜೀವ ಸಾಮಗ್ರಿಯಾಗಿಯೇ ಉಳಿದವೆಂದು 1922ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಪೀಠಿಕೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

1915ರಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋದ ಮೇಲೆ ಅವರ ಮಾರ್ಗ ಬದಲಾಯಿತು. ಓಮರಕಾನ ಗ್ರಾಮದೊಳಗೇ ಡೇರೆ ಹೂಡಿ, ಆ ಜನರ ನುಡಿಯನ್ನೇ ಕಲಿತರು. ಅವರ ಇರವು ಊರಿಗೆ ರೂಢಿಯಾದಂತೆಲ್ಲ ಅಲ್ಲಿಯ ಅಡುಗೆ, ಜಗಳ, ವಿನೋದಗಳು ತಾವಾಗಿಯೇ ಕಣ್ಣಿಗೆ ಬೀಳತೊಡಗಿದವು.

ಆದರೆ ಅವರು ತೀರಿಕೊಂಡ 25 ವರ್ಷಗಳ ಬಳಿಕ, 1967ರಲ್ಲಿ, ಹೊರಬಂದ ಅವರ ದಿನಚರಿ ಇನ್ನೊಂದು ಮುಖವನ್ನು ತೋರಿಸಿತು: ಒಂಟಿತನದ ಬೇಗೆ, ಬೇಸರ, ತಾವು ಅರಿಯಬಂದ ಜನರ ಮೇಲೆಯೇ ಸಿಡಿದ ತಿರಸ್ಕಾರದ ಮಾತುಗಳು. ನಡುವೆ ನೆಲೆಸಿದ ಮಾತ್ರಕ್ಕೆ ಮನಸ್ಸು ಹತ್ತಿರವಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮವರೇ ಆದ ಎಂ. ಎನ್. ಶ್ರೀನಿವಾಸರು ಮಾಲಿನೋವ್ಸ್ಕಿಯವರ ಶಿಷ್ಯರಾದ ಇವಾನ್ಸ್-ಪ್ರಿಚರ್ಡರ ಬಳಿ ಆಕ್ಸ್‌ಫರ್ಡಿನಲ್ಲಿ ಕಲಿತು, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಇದೇ ಕ್ರಮವನ್ನು ಅನುಸರಿಸಿದರು.

ಅಹಂಕಾರವಳಿಯದೆ ಅರಿವು ಮೂಡದೆಂಬುದು ಶರಣರ ನಿಲುವು. ಅದು ಸಾಧಕನಿಗೆ ಹೇಗೋ ಸಂಶೋಧಕನಿಗೂ ಹಾಗೆಯೇ ಸಲ್ಲುತ್ತದೆ. ಅನ್ಯರನ್ನು ಅರಿಯಹೊರಟವನು ಮೊದಲು ಶೋಧಿಸಬೇಕಾದ ಕ್ಷೇತ್ರ ತನ್ನ ಮನಸ್ಸೇ ಆಗಿದೆ.